ಹದಿನೇಳನೆಯ ಅಧ್ಯಾಯದ ಹುಲಿ

ಹನ್ನೆರಡನೆಯ ಬೂತಾಯಿ ಮೀನಿನ ಹೊಟ್ಟೆ ಸೀಳುತ್ತಿರುವಾಗ ವಾರಿಜಾಳಿಗೆ ಆ ವಾಕ್ಯ ಹೊಳೆಯಿತು. ಬರೆದುಕೊಳ್ಳೋಣವೆಂದರೆ ಎರಡೂ ಕೈಗೆ ಮೀನಿನ ಹುರುಪೆ. ಮರೆತುಹೋಗಬಾರದೆಂದು ಬಾವಿಕಟ್ಟೆಯ ಪಕ್ಕ ಕುಳಿತಲ್ಲಿಂದಲೇ ಗಟ್ಟಿಯಾಗಿ ಹೇಳಿಕೊಂಡಳು.

"ಮೇದಿನಿಗೆ ಅವನ ಗುರುತು ಸಿಗಲಿಲ್ಲ. ಕಣ್ಣೀರು ಅವಳ ನೋಟವನ್ನು ಮಂಜಾಗಿಸಿತ್ತು."

ಎರಡು ಮಾರು ದೂರದಲ್ಲಿ ಕಾದು ಕುಳಿತಿದ್ದ ಬೆಕ್ಕು ಮುಖ ತಿರುಗಿಸಿತು.

"ಯಾರ ಹತ್ರ ಮಾತಾಡುದು ನೀನು?" ಕಂಪೌಂಡಿನ ಆಚೆಯಿಂದ ವಿನಿಫ್ರೆಡ್ ಬಾಯಿಯ ದನಿ. ಹಿಂದೆಯೇ ಗೇಟಿನ ಚಿಲಕದ ಸದ್ದು. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡಿ ನಿವೃತ್ತರಾದ ಬಾಯಿ ಈಗಲೂ ಕೆಂಪು ಪೆನ್ನು ಬಿಟ್ಟವರಲ್ಲ. ಪಕ್ಕದ ಮನೆಯ ವಾರಿಜಾ ಕಾದಂಬರಿ ಬರೆದಿದ್ದಾಳೆಂದು ತಿಳಿದ ದಿನವೇ ಹಸ್ತಪ್ರತಿ ಕೇಳಿ ಒಯ್ದಿದ್ದರು. ಇವತ್ತು ಅದು ಪ್ಲಾಸ್ಟಿಕ್ ಚೀಲದೊಳಗೆ, ಅವರ ಕಂಕುಳಲ್ಲಿ ಇತ್ತು.

"ಓದಿ ಆಯ್ತಾ ಬಾಯಿ?"

"ಎರಡು ಸಲ. ಪ್ರಕಾಶಕರು ಎಂತ ಬರೆದದ್ದು ನಿನಗೆ? ಇನ್ನೊಮ್ಮೆ ಹೇಳು."

ಆ ಪತ್ರ ವಾರಿಜಾಳಿಗೆ ಬಾಯಿಪಾಠವಾಗಿತ್ತು. "ಕಥೆ ಚೆನ್ನಾಗಿದೆ. ಆದರೆ ನಾಯಕಿಯ ಪಾತ್ರ ಬೆಳೆಯುವುದಿಲ್ಲ. ತಿದ್ದಿ, ದಸರಾ ಮುಗಿಯುವುದರೊಳಗೆ ಕಳಿಸಿ."

"ಸರಿಯಾಗಿಯೇ ಬರೆದಿದ್ದಾರೆ." ಬಾಯಿ ಒಗೆಯುವ ಕಲ್ಲಿನ ಮೇಲೆ ಸೀರೆ ಒಟ್ಟುಮಾಡಿ ಕುಳಿತರು. "ನಿನ್ನ ಹೀರೋ ಆ ಕಿರಣ, ಒಳ್ಳೆಯ ಹುಡುಗ. ಮೊದಲು ಮುಂಗೋಪಿ. ಆಮೇಲೆ ಊರು ಬಿಟ್ಟ, ಪೆಟ್ಟು ತಿಂದ, ತಾಳ್ಮೆ ಕಲಿತ. ಆಯ್ತಾ? ಅವಳು ಎಂತ ಕಲಿತಳು?"

"ಕಾಯ್ಲಿಕ್ಕೆ ಕಲಿತಳು."

"ಕಾಯುದು ಎಂತ ಕಲಿಯುದು ಮಾರಾಯ್ತಿ? ನಿನ್ನ ಈ ಬೆಕ್ಕು ಕಾಯುದಿಲ್ವಾ?"

ವಾರಿಜಾ ನಕ್ಕಳು. ಬಾಯಿ ನಗಲಿಲ್ಲ. ಚೀಲದಿಂದ ಹಾಳೆ ತೆಗೆದು ಕನ್ನಡಕ ಏರಿಸಿದರು.

"ಅಧ್ಯಾಯ ಒಂಬತ್ತು. ಏಣಿ ಜಾರಿ ಕಿರಣನ ಬಲಗಾಲಿಗೆ ಬೀಳ್ತದೆ. ನಿನ್ನ ಮೇದಿನಿ ಓಡಿಹೋಗಿ ಕಿರುಬೆರಳಿಗೆ ಅರಿಶಿನ ಹಚ್ಚಿ, ಕರ್ಚೀಫು ಹರಿದು ಕಟ್ತಾಳೆ. ಬೆರಳು ಹೊರಗೆ ಸೊಟ್ಟ ಆಗಿ ಹಾಗೆಯೇ ಉಳೀತದೆ. ಆ ಒಂದು ಬೆರಳಿನ ಬಗ್ಗೆ ಎರಡು ಪುಟ ಬರೆದಿದ್ದೀ. ಓದಿ ನನಗೇ ಸ್ವಲ್ಪ ನಾಚಿಕೆ ಆಯ್ತು, ಈ ಪ್ರಾಯದಲ್ಲಿ."

"ಬಾಯಿ!"

"ತಡಿ. ಅಧ್ಯಾಯ ಹದಿನೇಳು. ನವರಾತ್ರಿಯ ಮಾರ್ನೆಮಿಯ ದಿನ ಅವನು ಹುಲಿವೇಷ ಹಾಕಿ ಅವಳ ಅಂಗಳಕ್ಕೆ ಬರ್ತಾನೆ. ಮೊದಲೇ ಹೇಳಿಟ್ಟಿದ್ದಾನೆ, 'ನಿನಗೆ ಒಪ್ಪಿಗೆ ಇದ್ದರೆ ನೋಟನ್ನು ನನ್ನ ಎದುರು ನೆಲದಲ್ಲಿಡು, ನಾನು ಬಗ್ಗಿ ಹಲ್ಲಿನಲ್ಲಿ ಎತ್ತಿಕೊಳ್ತೇನೆ' ಅಂತ. ಅವಳು ತಪ್ಪಿ ಬೇರೆ ಹುಲಿಯ ಎದುರು ಇಡ್ತಾಳೆ. ಅವನು ಬೇಡ ಅಂದಳು ಅಂತ ತಿಳಿದು ಊರು ಬಿಡ್ತಾನೆ. ಇದೇ ಅಲ್ವಾ?"

"ಹೌದು."

"ಹುಲಿಗಳು ಬರಿಗಾಲಿನಲ್ಲಿ ಉಂಟು. ಹಗಲು ಹೊತ್ತು. ಮೂರು ಮಾರು ದೂರ. ಆ ಬೆರಳು ಅವಳಿಗೆ ಕಾಣಲಿಲ್ವಾ?"

ವಾರಿಜಾಳ ಕೈಯ ಕತ್ತಿ ನಿಂತಿತು.

"ಕಣ್ಣೀರು ತುಂಬಿತ್ತು ಬಾಯಿ. ಈಗಷ್ಟೇ ಒಂದು ವಾಕ್ಯ..."

"ಕಣ್ಣೀರು ಪುಟಪುಟಕ್ಕೂ ಉಂಟು. ಅದನ್ನು ಅರ್ಧ ಒರೆಸು." ಬಾಯಿ ಹಾಳೆಗಳನ್ನು ಒಟ್ಟುಮಾಡಿ ಕಲ್ಲಿಗೆ ತಟ್ಟಿ ಅಂಚು ಸರಿಮಾಡಿದರು. ಆಮೇಲೆ ಮೆಲ್ಲಗೆ, ತರಗತಿಯಲ್ಲಿ ಹಿಂದಿನ ಬೆಂಚಿನವರಿಗೆ ಹೇಳುವ ಹಾಗೆ, "ಅವಳಿಗೆ ಗುರುತು ಸಿಕ್ಕಿತ್ತು, ವಾರಿ. ಸಿಕ್ಕಿಯೂ ಬೇರೆಯವನ ಎದುರು ಇಟ್ಟಳು. ಏಕೆ ಅಂತ ಬರಿ. ತಪ್ಪೇ ಮಾಡದವಳು ಎಲ್ಲಿಂದ ಬೆಳೆಯುದು?" ಎಂದರು.

ಕೈಯಿಂದ ಬೂತಾಯಿ ಜಾರಿತು. ಬೆಕ್ಕು ಅದಕ್ಕೇ ಕಾದಿತ್ತು.

*

ಮೇದಿನಿಯ ಅಂಗಳ ಬೋಳಾರದ ಇದೇ ಅಂಗಳ. ಕಿರಣನ ನಿಜವಾದ ಹೆಸರು ತಾರಾನಾಥ.

ಇಪ್ಪತ್ತಮೂರು ವರ್ಷಗಳ ಹಿಂದೆ ಆತ ಅಂಗಡಿಗಳ ಬೋರ್ಡು ಬರೆಯುತ್ತಿದ್ದ. ಸೈಕಲ್ಲಿಗೆ ಏಣಿ ಕಟ್ಟಿಕೊಂಡು ಬಂದು, ಬಿ.ಎ. ಕೊನೆಯ ವರ್ಷದಲ್ಲಿದ್ದ ವಾರಿಜಾ ಬಸ್ಸಿಗೆ ಕಾಯುವ ಜಾಗದ ಎದುರಿನ ಗೋಡೆಯಲ್ಲಿ ಎರಡು ದಿನದ ಕೆಲಸವನ್ನು ಎಂಟು ದಿನ ಮಾಡುತ್ತಿದ್ದ. ಮಸ್ಕತ್ತಿನ ವೀಸಾ ಬಂದ ವಾರ, ಹೊರಡುವ ಮೊದಲು ಉತ್ತರ ಬೇಕು ಎಂದು ಆ ನೋಟಿನ ಮಾತು ಹೇಳಿದ್ದ. ಮಾರ್ನೆಮಿ ಕಳೆದ ಮೂರನೆಯ ದಿನ ವಿಮಾನ ಹತ್ತಿದ.

ಅಲ್ಲೇ ಕೆಲಸ, ಊರಿಗೆ ಬಂದು ಮದುವೆ, ಒಬ್ಬಳು ಮಗಳು. ಹೆಂಡತಿ ಕಾಯಿಲೆಯಿಂದ ತೀರಿಕೊಂಡು ಆರು ವರ್ಷ. ಮಗಳು ಯಶ್ಮಿತಾಳ ಮದುವೆ ಮುಗಿಸಿ, ಗಲ್ಫ್ ಸಾಕೆಂದು ಕಾವೂರಿನಲ್ಲಿ ಮನೆ ಮಾಡಿಕೊಂಡು ಪುನಃ ಬೋರ್ಡು ಬರೆಯತೊಡಗಿದ. ವಾರಿಜಾ ಮದುವೆಯಾಗಲಿಲ್ಲ. ಶಾಲೆಯ ಆಫೀಸಿನಲ್ಲಿ ಗುಮಾಸ್ತೆಯ ಕೆಲಸ, ಮನೆಯಲ್ಲಿ ತಾಯಿ ಅಪ್ಪಿ.

ಎಂಟು ತಿಂಗಳ ಹಿಂದೆ ಶಾಲೆಯ ಗೇಟಿನ ಫ್ಲೆಕ್ಸ್ ಗಾಳಿಗೆ ಹರಿದಾಗ, ಈ ಸಲ ಬಣ್ಣದಲ್ಲೇ ಬರೆಸುವ ಎಂದರು ಹೆಡ್‌ಮಾಸ್ಟರು. ಬರೆಯಬೇಕಾದ ಅಕ್ಷರಗಳ ಚೀಟಿ ಹಿಡಿದು ವಾರಿಜಾ ಗೇಟಿಗೆ ಹೋದಳು. ಏಣಿಯ ಮೇಲೆ ಅರ್ಧ ನರೆತ ತಲೆಯವನೊಬ್ಬ ಸೀಮೆಸುಣ್ಣದಲ್ಲಿ ಗೆರೆ ಎಳೆಯುತ್ತಿದ್ದ. ಕೆಳಗೆ ನೋಡಿದ. ಗೆರೆ ಸ್ವಲ್ಪ ಮೇಲಕ್ಕೆ ಹೋಯಿತು.

"ಗೆರೆ ಸೊಟ್ಟ ಆಯ್ತು," ಎಂದಳು ಅವಳು. ಇಪ್ಪತ್ತೆರಡು ವರ್ಷದ ಮೇಲೆ ಆಡಿದ ಮೊದಲ ಮಾತು.

"ಆಗ್ತದೆ," ಎಂದ. "ಏಣಿ ಅಲುಗಿತು."

ಏಣಿ ಅಲುಗಿರಲಿಲ್ಲ.

ಚಹಾದ ಹೊತ್ತಿಗೆ ಗೋಳಿಮರದ ಕಟ್ಟೆಯಲ್ಲಿ ಕುಳಿತು ಅವನೇ ಕೇಳಿದ. "ಒಂದೇ ಒಂದು ಪ್ರಶ್ನೆ. ಕೋಪ ಇಲ್ಲ, ಎಂತ ಇಲ್ಲ. ಆ ದಿನ ನೀನು ನೋಟನ್ನು ಬೇರೆಯವನ ಎದುರು ಇಟ್ಟದ್ದು, ನಾನು ಬೇಡ ಅಂತವಾ?"

ಯೋಚಿಸಲು ಒಂದು ಗುಟುಕು ಚಹಾದಷ್ಟು ಹೊತ್ತೂ ತೆಗೆದುಕೊಳ್ಳಲಿಲ್ಲ ಅವಳು. "ಗುರುತು ಸಿಗಲಿಲ್ಲ. ಎಲ್ಲರಿಗೂ ಒಂದೇ ಬಣ್ಣ. ನಿಮ್ಮ ಎದುರೇ ಇಟ್ಟದ್ದು ಅಂತ ತಿಳಿದಿದ್ದೆ."

ತಾರಾನಾಥ ಲೋಟ ಕೆಳಗಿಟ್ಟ. ಬಣ್ಣ ಮೆತ್ತಿದ ಹಿಂಗೈಯಿಂದ ಕಣ್ಣು ಒರೆಸಿಕೊಂಡ. ಹುಬ್ಬಿಗೆ ಒಂದಿಷ್ಟು ಹಸಿರು ತಾಗಿತು. ಆಮೇಲೆ ನಕ್ಕ. ಮೈಮೇಲಿನ ಭಾರದ ಮೂಟೆಯನ್ನು ಯಾರೋ ಇಳಿಸಿಕೊಂಡಾಗ ನಗುವ ಹಾಗೆ.

ಆ ಬೆರಳಿನ ಕಥೆ ಅವನಿಗೂ ಗೊತ್ತಿತ್ತಲ್ಲ? ಗೊತ್ತಿತ್ತು. ಆದರೆ ನಂಬಲೇಬೇಕೆನಿಸಿದ ಮಾತನ್ನು ಮನುಷ್ಯ ಕೆದಕಿ ನೋಡುವುದಿಲ್ಲ.

ಆ ವಾರವೇ ಅವಳು ಕಾದಂಬರಿ ಬರೆಯಲು ತೊಡಗಿದಳು. ಆಡಿದ ಸುಳ್ಳಿಗೆ ಇನ್ನೂರ ನಲ್ವತ್ತು ಪುಟದ ಚಂದದ ಮನೆ ಕಟ್ಟಿದಳು.

*

ಶನಿವಾರ ಸಂಜೆ ತಾರಾನಾಥ ಗೋಳಿಬಜೆಯ ಪೊಟ್ಟಣದೊಂದಿಗೆ ಬಂದ. ಈಗ ಅದು ವಾಡಿಕೆ. ಶನಿವಾರ ಅಂದರೆ ಗೋಳಿಬಜೆ, ತಾರಾನಾಥ, ಮತ್ತು ಕಂಪೌಂಡಿನ ಆಚೆ ಕಾರಣವಿಲ್ಲದೆ ಗಿಡಕ್ಕೆ ನೀರು ಹಾಕುವ ವಿನಿಫ್ರೆಡ್ ಬಾಯಿ.

"ಕೂತ್ಕೊಳ್ಳಿ ತಾರಾನಾಥಣ್ಣ," ಎಂದಳು ವಾರಿಜಾ, ತಾಯಿಗೆ ಕೇಳುವ ಹಾಗೆ.

"ಮಗಳು ಹೇಗಿದ್ದಾಳೆ? ಮಗು?" ಅಪ್ಪಿಯಕ್ಕ ಜಗಲಿಯ ಕುರ್ಚಿಯಿಂದ ಕೇಳಿದರು.

"ಚೆನ್ನಾಗಿದ್ದಾಳೆ ಅಕ್ಕ. ಮಗು ಮೂರುವರೆ ಕೆ.ಜಿ. ಉಂಟು. ನನ್ನ ಹಾಗೆಯೇ ಅಂತೆ."

"ಪಾಪ," ಎಂದರು ಅಪ್ಪಿಯಕ್ಕ, ಮಗುವಿನ ಬಗ್ಗೆ. ಎರಡು ಗೋಳಿಬಜೆ ಎತ್ತಿಕೊಂಡು, ಟಿ.ವಿ.ಯಲ್ಲಿ ವಾರ್ತೆ ಉಂಟು ಎಂದು ಒಳಗೆ ಹೋದರು.

ಒಳಗೆ ಟಿ.ವಿ.ಯ ಸದ್ದು ಕೇಳಿಸಿದ ಮೇಲೆ ತಾರಾನಾಥ ಗೋಡೆಯತ್ತ ನೋಡುತ್ತ ಹೇಳಿದ. "ಅಮ್ಮ ಒಳಗೆ ಹೋದರು. ಇನ್ನು ಅಣ್ಣ ಬೇಡ."

"ಮತ್ತೆಂತ ಕರೆಯುದು?"

"ಎಂತದೂ ಬೇಡ. ಮೊದಲು ಕರೀತಿದ್ದಿಯಲ್ಲ, ಹೆಸರು ಹೇಳದೆ, 'ಹೋ, ಇಲ್ಲಿ' ಅಂತ. ಅದೇ ಸಾಕು."

ಅವಳು ಚಟ್ನಿಯ ಬಟ್ಟಲು ಅವನತ್ತ ಸರಿಸಿದಳು. ಸರಿಸಿದ ಕೈಯನ್ನು ತೆಗೆಯುವ ಮೊದಲು ಅವನು ಬಟ್ಟಲು ಹಿಡಿದ. ಇಬ್ಬರ ಬೆರಳಿನ ನಡುವೆ ಸ್ಟೀಲಿನ ಅಂಚು ಮಾತ್ರ. ಯಾರೂ ಎಳೆಯಲಿಲ್ಲ. ಆಚೆ ಬಾಯಿಯ ಪೈಪಿನ ನೀರು ಬಹಳ ಹೊತ್ತು ಒಂದೇ ಕುಂಡಕ್ಕೆ ಬಿತ್ತು.

"ಒಂದು ಸುದ್ದಿ ಉಂಟು," ಎಂದ. "ಈ ಮಾರ್ನೆಮಿಗೆ ನಾನು ವೇಷ ಹಾಕ್ತೇನೆ. ಮಗಳ ಹೆರಿಗೆ ಸುಸೂತ್ರ ಆದರೆ ಒಂದು ಸಲ ಹುಲಿ ಹಾಕ್ತೇನೆ ಅಂತ ಮಂಗಳಾದೇವಿಗೆ ಹರಕೆ ಹೇಳಿದ್ದೆ."

ವಾರಿಜಾ ಅವನನ್ನು ತಲೆಯಿಂದ ಹೊಟ್ಟೆಯವರೆಗೆ ನೋಡಿ ಹೊಟ್ಟೆಯಲ್ಲಿ ನಿಲ್ಲಿಸಿದಳು. "ಐವತ್ತು ವರ್ಷದ ಹುಲಿ. ಬಗ್ಗಿದರೆ ಏಳ್ಲಿಕ್ಕೆ ಜನ ಬೇಕು."

"ಹೇಳು, ಹೇಳು. ಹಿತೇಶನ ತಂಡದಲ್ಲಿ ಎಲ್ಲ ಎಳೆಯ ಹುಲಿಗಳು, ಹೊಟ್ಟೆ ಮಾತ್ರ ಅರ್ಧ ಜನಕ್ಕೂ ಉಂಟು. ನಾನೊಬ್ಬ ಅಜ್ಜ ಹುಲಿ." ಆಮೇಲೆ ನಗು ನಿಲ್ಲಿಸಿದ. "ವಾರಿಜಾ, ನಾನು ಪುನಃ ಕೇಳ್ತೇನೆ. ಆಗ ಕೇಳಿದ್ದನ್ನೇ. ಹಾಗೆಯೇ."

ಅವಳು ತಲೆ ತಗ್ಗಿಸಿದಳು.

"ಈಗ ನಮಗೆ ಯಾರ ಒಪ್ಪಿಗೆಯೂ ಬೇಡ. ಯಶ್ಮಿತಾ ಹೇಳಿದಳು, 'ಪಪ್ಪಾ, ಅವರನ್ನು ಕೇಳಿ, ಎಷ್ಟು ಶನಿವಾರ ಗೋಳಿಬಜೆ ತಿನ್ನಿಸ್ತೀರಿ' ಅಂತ. ನಿನಗೆ ಇಷ್ಟ ಇದ್ದರೆ ನೋಟನ್ನು ನನ್ನ ಎದುರು ಇಡು. ಇಲ್ಲದಿದ್ದರೂ ಶನಿವಾರ ಬರ್ತೇನೆ, ಹೆದರಬೇಡ." ಅವನು ಬಲಗೈ ಮುಂದೆ ಚಾಚಿ ಮಣಿಕಟ್ಟು ತೋರಿಸಿದ. "ಇಲ್ಲಿ ಒಂದು ನೀಲಿ ಚುಕ್ಕೆ ಹಾಕಿಸಿಕೊಳ್ತೇನೆ. ಹುಲಿಗೆ ಎಲ್ಲಿಯೂ ನೀಲಿ ಇರುದಿಲ್ಲ. ಈ ಸಲ ನಿನಗೆ ತಪ್ಪಬಾರದು."

ಅವಳು ಆ ಮಣಿಕಟ್ಟನ್ನೇ ನೋಡಿದಳು. ಇಷ್ಟು ಕಾಳಜಿಯಿಂದ ಆತ ಅವಳ ಸುಳ್ಳಿಗೆ ಊರುಗೋಲು ಕೊಡುತ್ತಿದ್ದ.

"ಒಂದು ವೇಳೆ," ಎಂದಳು, "ಆ ದಿನ ನನಗೆ ಗುರುತು ಸಿಕ್ಕಿದ್ದರೆ? ಸಿಕ್ಕಿಯೂ ಹಾಗೆ ಮಾಡಿದ್ದರೆ?"

"ಕಾದಂಬರಿಗಾ?"

"ಹೂಂ. ಕಾದಂಬರಿಗೆ."

ತಾರಾನಾಥ ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡ. "ಇಪ್ಪತ್ತೆರಡು ವರ್ಷ ನಾನು ಹಾಗೆಯೇ ಅಂತ ತಿಳಿದು ಬದುಕಿದೆ. ಬೇಡದವ ಅಂತ. ಹೆಂಡತಿ ಒಳ್ಳೆಯವಳು, ಆದರೂ ಕನ್ನಡಿ ನೋಡಿದರೆ ಅದೇ ಯೋಚನೆ. ನೀನು ಗುರುತು ಸಿಗಲಿಲ್ಲ ಅಂದ ಮೇಲೆ ಅದು ಹೋಯ್ತು. ಪುನಃ ಅಲ್ಲಿಗೆ ಹೋಗು ಅಂದರೆ..." ಅವನು ತಲೆಯಾಡಿಸಿದ. "ನಿನ್ನ ಹೀರೋಗೆ ಅಷ್ಟು ಕಷ್ಟ ಕೊಡಬೇಡ ಮಾರಾಯ್ತಿ. ನನಗೆ ತಡೀಲಿಕ್ಕೆ ಆಗ್ಲಿಕ್ಕಿಲ್ಲ."

*

ಭಾನುವಾರ ಮಧ್ಯಾಹ್ನ ಊಟದ ಮೇಜಿನಲ್ಲಿ ವಾರಿಜಾ ಹದಿನೇಳನೆಯ ಅಧ್ಯಾಯ ತಿದ್ದಿದಳು. ಈ ಸಲ ಮೇದಿನಿಗೆ ಗುರುತು ಸಿಗುತ್ತದೆ. ಆದರೆ ಸೋದರಮಾವ ದುಗ್ಗಪ್ಪ ಜಗಲಿಯಲ್ಲಿ ಕೆಂಗಣ್ಣು ಬಿಟ್ಟುಕೊಂಡು ನಿಂತಿದ್ದಾರೆ. ಹುಲಿಯ ಎದುರು ನೋಟಿಟ್ಟರೆ ತಾಯಿಯನ್ನು ಮನೆಯಿಂದ ಹೊರಗೆ ಹಾಕುವುದಾಗಿ ಹೇಳಿದ್ದಾರೆ. ಮೇದಿನಿ ತಾಯಿಗಾಗಿ ಪ್ರೀತಿಯನ್ನು ಬಲಿಕೊಡುತ್ತಾಳೆ.

ಬಾಯಿ ಕಂಪೌಂಡಿನ ಮೇಲೆಯೇ ಹಾಳೆಯಿಟ್ಟು ಓದಿದರು. ಕೆಂಪು ಪೆನ್ನಿನ ಮುಚ್ಚಳವನ್ನೂ ತೆಗೆಯಲಿಲ್ಲ.

"ಈ ದುಗ್ಗಪ್ಪ ಎಲ್ಲಿಂದ ಬಂದರು? ಹದಿನಾರು ಅಧ್ಯಾಯ ಕಾಣದವರು ಹದಿನೇಳಕ್ಕೆ ಸರಿಯಾಗಿ ಜಗಲಿಗೆ ಬಂದು ನಿಂತಿದ್ದಾರೆ."

"ಮಾವಂದಿರು ಹಾಗೆಯೇ ಅಲ್ವಾ ಬಾಯಿ."

"ತಪ್ಪನ್ನು ಕಣ್ಣೀರಿನಿಂದ ತೆಗೆದು ಮಾವನ ತಲೆಗೆ ಕಟ್ಟಿದ್ದೀ, ಅಷ್ಟೇ. ಪುನಃ ಇವಳು ದೇವತೆ." ಬಾಯಿ ಹಾಳೆ ಹಿಂದಿರುಗಿಸಿದರು. "ದೇವತೆಯರ ಮೇಲೆ ನನಗೆ ಭಕ್ತಿ ಉಂಟು, ವಾರಿ. ಆದರೆ ಅವರ ಕಷ್ಟ ಓದಿ ನನಗೆ ಅಳು ಬರುದಿಲ್ಲ."

ಮನೆಯೊಳಗೆ ಹೋಗಲು ತಿರುಗಿದವರು ಮತ್ತೆ ನಿಂತರು. "ಅವಳಿಗೆ ಯಾವುದಾದರೂ ಸಣ್ಣ ಕಾರಣ ಇರಬಹುದು. ದೊಡ್ಡ ಕಾರಣ ಇದ್ದರೆ ಯಾರಿಗಾದರೂ ಹೇಳಿಕೊಳ್ತಿದ್ದಳು."

ವಾರಿಜಾ ಆ ಹಾಳೆಗಳನ್ನು ಹರಿದು ಒಲೆಯ ಪಕ್ಕದ ಬುಟ್ಟಿಗೆ ಹಾಕಿದಳು. ಸೋಮವಾರ ಬರೆಯಲಿಲ್ಲ. ಮಂಗಳವಾರ ಶಾಲೆಯಲ್ಲಿ ಮಕ್ಕಳ ವರ್ಗಾವಣೆ ಪತ್ರದಲ್ಲಿ ಎರಡು ತಪ್ಪು ಮಾಡಿದಳು. ಬುಧವಾರ ಬೆಳಿಗ್ಗೆ ತಾಯಿಗೆ ನೀರುದೋಸೆ ಹೊಯ್ದು ಕೊಟ್ಟು, ಕಾವಲಿ ಇಳಿಸಿ, ರಜೆ ಎಂದು ಫೋನ್ ಮಾಡಿ, ಮೇಜಿಗೆ ಕುಳಿತಳು.

ಸಣ್ಣ ಕಾರಣ.

ಆ ಹಳೆಯ ಮಾರ್ನೆಮಿಯ ದಿನ ಅಂಗಳದಲ್ಲಿ ಏಳು ಹುಲಿಗಳಿದ್ದವು. ಕಾಲೇಜಿನ ಗೆಳತಿ ಆನ್ಸಿ ರಜೆಯ ಊಟಕ್ಕೆಂದು ಮನೆಗೆ ಬಂದಿದ್ದಳು. ಬೋರ್ಡು ಬರೆಯುವವನ ಬಗ್ಗೆ ಆನ್ಸಿಗೆ ಒಂದಕ್ಷರ ಹೇಳಿರಲಿಲ್ಲ. ಹೇಳಬೇಕಾದಾಗಲೆಲ್ಲ ನಾಲಗೆ ಬೇರೆ ಮಾತಿಗೆ ಹೊರಳುತ್ತಿತ್ತು. ಆನ್ಸಿಯ ಅಣ್ಣ ಬ್ಯಾಂಕಿನಲ್ಲಿದ್ದ, ಅವಳು ನೋಡಿದ ಹುಡುಗ ಎಂಜಿನಿಯರ್. ತಾನು ನೋಡಿದವನು ಏಣಿ ಹೊರುತ್ತಾನೆ.

ತಾಸೆ ವಾದ್ಯದ ಬಡಿತ ಏರಿದಾಗಲೇ ಅವಳಿಗೆ ಗುರುತು ಸಿಕ್ಕಿತು. ಬೆರಳು ನೋಡುವುದಕ್ಕೂ ಮೊದಲೇ. ಬೆರಳು ನೋಡಿದ್ದು ಖಚಿತಪಡಿಸಿಕೊಳ್ಳಲು ಅಷ್ಟೇ. ಹಳದಿ ಬಣ್ಣದ ಅಡಿಯಲ್ಲಿ, ಹೊರಗೆ ಚಾಚಿಕೊಂಡ ಆ ಕಿರುಬೆರಳು, ತಾನೇ ಅರಿಶಿನ ಕಟ್ಟಿದ್ದು.

ಪಕ್ಕದಲ್ಲಿ ಆನ್ಸಿ ಬಣ್ಣದ ವಾಸನೆಗೆ ಮೂಗಿಗೆ ಕರ್ಚೀಫು ಹಿಡಿದಿದ್ದಳು. ಮೊದಲ ಹುಲಿ ಹಿಂದಕ್ಕೆ ಕಮಾನಾಗಿ ಬಾಗಿ ನೆಲದಿಂದ ನೋಟು ಕಚ್ಚಿ ಎತ್ತಿತು. "ಅಯ್ಯೋ, ಬಾಯಲ್ಲಿ ತೆಗೀತಾರಾ!" ಆನ್ಸಿ ನಕ್ಕಳು. ಕೆಟ್ಟವಳೇನಲ್ಲ, ಸುಮ್ಮನೆ ಬಂದ ನಗು. "ನಿಮ್ಮ ಗುರುತಿನವರು ಯಾರಾದರೂ ಇದ್ದಾರಾ ಇದರಲ್ಲಿ?"

"ಇಲ್ಲಪ್ಪ," ಎಂದಳು ವಾರಿಜಾ.

ನಾಲಗೆ ಆಡಿದ್ದನ್ನು ಕಾಲು ನಡೆಸಿತು. ಅಂಗಳಕ್ಕಿಳಿದು ಕೊನೆಯಲ್ಲಿ ನಿಂತ ದಪ್ಪ ಹುಲಿಯ ಎದುರು ನೋಟಿಟ್ಟು ತಿರುಗಿದಳು. ತಾಸೆಯ ಹೊಡೆತಕ್ಕೆ ಕುಣಿಯುತ್ತಿದ್ದ ಆ ಸೊಟ್ಟ ಬೆರಳಿನ ಕಾಲು ಒಂದು ಹೆಜ್ಜೆ ತಪ್ಪಿತು. ಒಂದೇ ಹೆಜ್ಜೆ. ತಾಸೆ ಅವನಿಗಾಗಿ ನಿಲ್ಲಲಿಲ್ಲ. ಮುಂದಿನ ಹೊಡೆತಕ್ಕೆ ಅವನು ಮತ್ತೆ ಸೇರಿಕೊಂಡ.

ವಾರಿಜಾ ಬರೆದಳು. ನಾಲ್ಕು ಪುಟ. ಕಣ್ಣೀರು ಎಂಬ ಶಬ್ದ ಒಂದು ಸಲವೂ ಬರಲಿಲ್ಲ. ಬರೆದು ಮುಗಿದಾಗ, ಇನ್ನೂರು ಪುಟ ಗೋಡೆಗೊರಗಿ ನಿಟ್ಟುಸಿರು ಬಿಡುತ್ತಿದ್ದ ಮೇದಿನಿ ಮೊದಲ ಬಾರಿಗೆ ಎದ್ದು ನಿಂತು ಅವಳನ್ನು ದಿಟ್ಟಿಸಿದಂತಾಯಿತು. ಇವಳನ್ನು ಪ್ರೀತಿಸುವುದು ಸುಲಭವಲ್ಲ. ಆದರೆ ಇವಳು ಯಾರೆಂದು ಈಗ ಗೊತ್ತು.

ಒಂದು ಅಧ್ಯಾಯ ಸರಿಯಾದೊಡನೆ ಮುಂದಿನವೆಲ್ಲ ತಪ್ಪಾದವು. ಮೇದಿನಿ ಬಂದ ಸಂಬಂಧಗಳನ್ನೆಲ್ಲ ಬೇಡವೆನ್ನುವುದು ಈಗ ತ್ಯಾಗವಲ್ಲ. ತನ್ನನ್ನು ತಾನು ನೋಡಿಕೊಳ್ಳಲಾರದ ನಾಚಿಕೆ. ಮಳೆಗಾಲದ ಸಂಜೆಗಳಲ್ಲಿ ಅವಳು ಬರೆದು ಹರಿಯುವ ಪತ್ರಗಳು ವಿರಹದವಲ್ಲ. ಒಂದೇ ವಾಕ್ಯವನ್ನು ಬರೆಯಲಾಗದೆ ಬರೆದ ಬೇರೆ ವಾಕ್ಯಗಳು. ಅವಳು ಬೇರೆಯವರ ಮುಂದೆ ತಲೆಯೆತ್ತಿ ಹೌದು ಎನ್ನಲು ಕಲಿಯಬೇಕು. ಮೊದಲು ಸಣ್ಣ ವಿಷಯಕ್ಕೆ, ಆಮೇಲೆ ದೊಡ್ಡದಕ್ಕೆ. ನಾಲ್ಕು ದಿನ ವಾರಿಜಾ ಬೆಳಗಿನ ಜಾವ ಎದ್ದು ತಿದ್ದಿದಳು. ಬಾಯಿ ಪುಟಪುಟವಾಗಿ ಓದಿ ಏನೂ ಹೇಳದೆ ಹಿಂದಿರುಗಿಸಿದರು. ಹದಿನೇಳನೆಯ ಅಧ್ಯಾಯದ ಕೊನೆಯಲ್ಲಿ ಮಾತ್ರ ಕೆಂಪಿನಲ್ಲಿ ಒಂದು ಗುರುತಿತ್ತು. ಹಿಂದೆ ಮಕ್ಕಳ ಪ್ರಬಂಧದಲ್ಲಿ ಅಪರೂಪಕ್ಕೆ ಹಾಕುತ್ತಿದ್ದ ಒಂದು ಸಣ್ಣ ನಕ್ಷತ್ರ.

ಕಡೆಯ ಅಧ್ಯಾಯ ಉಳಿಯಿತು. ಮೊದಲಿನ ಪ್ರತಿಯಲ್ಲಿ ಕಿರಣ ಹಿಂದಿರುಗಿ ಬಂದು, "ನಿನ್ನನ್ನು ತಪ್ಪು ತಿಳಿದೆ, ಕ್ಷಮಿಸು" ಎನ್ನುತ್ತಾನೆ. ಮೇದಿನಿ ದೊಡ್ಡ ಮನಸ್ಸಿನಿಂದ ಕ್ಷಮಿಸುತ್ತಾಳೆ. ಅದನ್ನು ಓದಿ ವಾರಿಜಾಳಿಗೆ ಮೈಯೆಲ್ಲ ಬಿಸಿಯಾಯಿತು. ಗೆರೆ ಎಳೆದು ಹೊಡೆದು ಹಾಕಿದಳು. ಆದರೆ ಅದರ ಜಾಗದಲ್ಲಿ ಏನು? ಮೇದಿನಿ ಅವನಿಗೆ ಹೇಳುತ್ತಾಳೋ? ಹೇಳಿದರೆ ಅವನು ಉಳಿಯುತ್ತಾನೋ?

ಹಾಳೆ ಖಾಲಿಯೇ ಉಳಿಯಿತು. ಮಾರ್ನೆಮಿ ಬಂತು.

*

ಮಧ್ಯಾಹ್ನ ಮೂರರ ಹೊತ್ತಿಗೆ ತಾಸೆಯ ಸದ್ದು ಓಣಿಯ ತುದಿಯಲ್ಲಿ ಕೇಳಿಸಿತು. ಅಪ್ಪಿಯಕ್ಕನ ಕುರ್ಚಿಯನ್ನು ವಾರಿಜಾ ಜಗಲಿಯ ಅಂಚಿಗೆ ಎಳೆದುಕೊಟ್ಟಳು. ಬಾಯಿ ಒಳ್ಳೆಯ ಸೀರೆ ಉಟ್ಟು, ಕರೆಯದೆಯೇ ಬಂದು ಮೆಟ್ಟಿಲಲ್ಲಿ ಕುಳಿತರು.

"ನೀನು ಎಂತ ಇವತ್ತು ಮಲ್ಲಿಗೆ ಮುಡಿದದ್ದು?"

"ಹಬ್ಬ ಅಲ್ವಾ."

"ಹಬ್ಬ ನವರಾತ್ರಿಯ ಎಲ್ಲ ದಿನ ಇತ್ತು," ಎಂದರು ಬಾಯಿ, ಆಕಾಶಕ್ಕೆ.

ಗೇಟು ತೆರೆದು ಹುಲಿಗಳು ಒಂದೊಂದಾಗಿ ಒಳಗೆ ಬಂದವು. ಹನ್ನೊಂದು. ಹಳದಿ ಮೈ, ಕಪ್ಪು ಪಟ್ಟೆ, ಮುಖಕ್ಕೆ ಬಾಯಿಯ ಜಾಗ ಬಿಟ್ಟ ಮುಖವಾಡ. ಮುಖವಾಡ ಕಟ್ಟಿದ ಮೇಲೆ ಯಾರೂ ಮಾತಾಡಬಾರದು, ಸನ್ನೆ ಮಾಡಬಾರದು ಎಂಬುದು ಈ ತಂಡದ ಕಟ್ಟುನಿಟ್ಟು. ತಂಡದ ಮುಖ್ಯಸ್ಥ ಹಿತೇಶ್ ಬಿಳಿ ಅಂಗಿ ತೊಟ್ಟು ಕೊನೆಯಲ್ಲಿ ಬಂದ.

ವಾರಿಜಾ ಮೊದಲ ಹುಲಿಯ ಬಲಗೈ ನೋಡಿದಳು. ಮಣಿಕಟ್ಟಿನಲ್ಲಿ ನೀಲಿ ಚುಕ್ಕೆ.

ಎರಡನೆಯದರ ಕೈ ನೋಡಿದಳು. ನೀಲಿ ಚುಕ್ಕೆ.

ಮೂರನೆಯದಕ್ಕೂ. ನಾಲ್ಕನೆಯದಕ್ಕೂ.

"ಇದೆಂತ ಹಿತೇಶಾ, ಹುಲಿಗೆ ನೀಲಿ?" ಬಾಯಿ ಕೇಳಿದರು.

"ಚಂದ ಉಂಟಲ್ವಾ ಬಾಯಮ್ಮ?" ಹಿತೇಶ್ ಹೆಮ್ಮೆಯಿಂದ ನಕ್ಕ. "ತಾರಣ್ಣ ಒಂದು ಚುಕ್ಕೆ ಹಾಕಿಸಿಕೊಂಡರು. ಯಾಕೆ ಅಂತ ಕೇಳಿದರೆ ಹೇಳುದಿಲ್ಲ. ನೋಡುವಾಗ ಸ್ಟೈಲ್ ಕಂಡಿತು. ಎಲ್ಲರೂ ನಮಗೂ ಹಾಕಿ ಅಂದರು. ಈಗ ಅದು ನಮ್ಮ ಟೀಮಿನ ಲೋಗೋ!"

ಬಾಯಿ ಸೆರಗು ಬಾಯಿಗೆ ಒತ್ತಿ ನಗು ತಡೆದರು. ವಾರಿಜಾಳಿಗೂ ನಗು ಬಂತು, ಅದರ ಬೆನ್ನಿಗೇ ಕಣ್ಣು ಉರಿಯಿತು. ಹನ್ನೊಂದು ಮುಖವಾಡಗಳಲ್ಲಿ ಎಲ್ಲೋ ಒಂದರ ಹಿಂದೆ, ಮಾತಾಡಲಾಗದೆ, ಕೈಯೆತ್ತಲಾಗದೆ, ಐವತ್ತು ವರ್ಷದ ಒಬ್ಬ ಮನುಷ್ಯ ಬೆವರುತ್ತಿದ್ದಾನೆ. ಈ ಸಲವೂ ತಪ್ಪುತ್ತದೆ ಎಂದುಕೊಳ್ಳುತ್ತಿದ್ದಾನೆ.

ತಾಸೆ ಏರಿತು. ಹುಲಿಗಳು ಸಾಲಾಗಿ ಕುಣಿದವು.

ಎಡದಿಂದ ನಾಲ್ಕನೆಯವನು. ಕುಣಿತದ ಮೊದಲ ಸುತ್ತಿನಲ್ಲೇ ಅವಳಿಗೆ 'ಇವನೇ' ಎನಿಸಿತು. ಆಮೇಲೆ ಕಣ್ಣು ತಾನಾಗಿ ಕೆಳಗಿಳಿಯಿತು. ಹಳದಿ ಬಣ್ಣದ ಅಡಿಯಲ್ಲಿ ಹೊರಕ್ಕೆ ಚಾಚಿದ ಕಿರುಬೆರಳು. ಇಪ್ಪತ್ತಮೂರು ವರ್ಷದಲ್ಲಿ ಸ್ವಲ್ಪವೂ ನೆಟ್ಟಗಾಗಿರಲಿಲ್ಲ.

"ನಮ್ಮ ತಾರಾನಾಥ ಯಾವುದು?" ಅಪ್ಪಿಯಕ್ಕ ಕತ್ತು ಚಾಚಿದರು. "ಎಲ್ಲ ಒಂದೇ ಹಾಗೆ."

"ಯಾರಿಗೂ ಗೊತ್ತಾಗ್ಲಿಕ್ಕಿಲ್ಲ ಅಜ್ಜಿ," ಎಂದ ಹಿತೇಶ್. ವಾರಿಜಾಳ ಕೈಯ ನೋಟು ನೋಡಿ, ಅವಳತ್ತ ಬಾಗಿ ದನಿ ತಗ್ಗಿಸಿದ. "ಅಕ್ಕ, ತಾರಣ್ಣನಿಗೆ ಇಡ್ಲಿಕ್ಕಾ? ಯಾರು ಅಂತ ನಾನು ಹೇಳ್ಬೇಕಾ?"

ಎಷ್ಟು ಸುಲಭ. ಹೇಳು ಎಂದರೆ ಸಾಕು. ಹಿತೇಶ್ ಬೆರಳು ತೋರಿಸುತ್ತಾನೆ, ಎಲ್ಲರೂ ನೋಡುತ್ತಾರೆ. ಅವನು ನೋಟು ಎತ್ತಿಕೊಳ್ಳುತ್ತಾನೆ, ಮನಸ್ಸು ತುಂಬಿ ಮನೆಗೆ ಹೋಗುತ್ತಾನೆ. ಪಾಪ, ಹಿತೇಶ್ ಹೇಳಿದ್ದಕ್ಕೆ ಗೊತ್ತಾಯಿತು, ಆಗಲೂ ಯಾರಾದರೂ ಹೇಳಿದ್ದರೆ, ಎಂದು ನಗುತ್ತಾನೆ. ಅವನೂ ಉಳಿಯುತ್ತಾನೆ, ಸುಳ್ಳೂ ಉಳಿಯುತ್ತದೆ. ಇಬ್ಬರೂ ಒಂದೇ ಮನೆಯಲ್ಲಿ, ಅದರ ಜೊತೆ.

ಹೇಳಿಸಿಕೊಳ್ಳದೆ ನೇರವಾಗಿ ಅವನೆದುರು ಹೋಗಿ ನಿಂತರೆ, ಅವನಿಗೆ ಎರಡು ವಿಷಯ ಒಟ್ಟಿಗೆ ಗೊತ್ತಾಗುತ್ತದೆ. ಇವತ್ತು ಆ ಬೆರಳಿನಿಂದ ಗುರುತು ಸಿಕ್ಕಿದ್ದು, ಮತ್ತು ಆ ದಿನವೂ ಸಿಕ್ಕಿದ್ದು. ಅವನು ಬಗ್ಗಿ ನೋಟು ಎತ್ತಬಹುದು. ಎತ್ತದೆಯೂ ಇರಬಹುದು.

ಜಗಲಿಯ ತುಂಬ ಜನ. ಅಕ್ಕಪಕ್ಕದವರು, ಗೇಟಿನ ಹೊರಗೆ ಮೊಬೈಲ್ ಎತ್ತಿ ಹಿಡಿದವರು. ಎಲ್ಲರೂ ನೋಡುತ್ತಾರೆ. ನೋಡಲಿ ಎನಿಸಿತು ಅವಳಿಗೆ.

"ವಾರಿ," ಬಾಯಿ ಮೆಟ್ಟಿಲಿನಿಂದ ಮೆಲ್ಲಗೆ ಕೇಳಿದರು, "ಗೊತ್ತಾಯ್ತಾ?"

ವಾರಿಜಾ ನೋಟನ್ನು ಮುಷ್ಟಿಯಲ್ಲಿ ಹಿಡಿದಳು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಮೆಟ್ಟಿಲಿನ ಬಳಿ ಚಪ್ಪಲಿ ಕಳಚಿದಳು. ಅಂಗಳದ ನೆಲ ಬಿಸಿಯಾಗಿತ್ತು.

ತಾಸೆ ಬಡಿಯುತ್ತಲೇ ಇತ್ತು. ಅವಳು ಯಾವ ಹುಲಿಯ ಮುಖವನ್ನೂ ನೋಡಲಿಲ್ಲ, ಯಾವ ಕೈಯ ಚುಕ್ಕೆಯನ್ನೂ ಹುಡುಕಲಿಲ್ಲ. ಅವನಿಗೆ ಚೆನ್ನಾಗಿ ಕಾಣುವ ಹಾಗೆ ತಲೆ ತಗ್ಗಿಸಿ, ಅವನ ಬಲಗಾಲಿನ ಕಿರುಬೆರಳನ್ನೇ ನೋಡುತ್ತ ನಡೆದಳು.